ನಾಲ್ಕು ಪದರ

ಮೊದಲನೇ ಸಲ ನಾ ಬೈದೆ.
ಪರಸಿ ಮ್ಯಾಲ ಮೊರದಷ್ಟಗಲ ಹಸಿ,
ನಟ್ಟನಡುವ ಮಲಗಿದ್ದಳು ಶೇಂಗಿ.
ಎದ್ದು ತನ್ನ ಜಾಗ ತಾನೇ ಮೂಸಿ
ಇದ್ಯಾರದು ಅನ್ನೋಹಂಗ ನನ್ನ ನೋಡಿದಳು.
ಬೈದೆ. ಕಸಬರಗಿ ಎತ್ತಿದೆ.
ಹದಿಮೂರು ವರ್ಷದ ಹೆಣ್ಣುನಾಯಿ
ಜ್ವಾಳದ ಚೀಲದ ಹಿಂದ ಹೋಗಿ ಕುಂತಳು,
ಸಂಜೀತನಕ ಬರಲಿಲ್ಲ.

ವಾಸನಿಗೆ ಲಿಂಬಿಹುಳಿ ಹಾಕು ಅಂದಳು ನಾದಿನಿ.
ಅವರದು ಟೈಲ್ಸಿನ ಮನಿ.
ಶಹಾಬಾದಿನಾಗ ಇಪ್ಪತ್ತೆರಡು ವರ್ಷ
ಪಾಲಿಶ್ ಮಶಿನ್ನಿಗೆ ನೀರು ಹೊಯ್ದಾಕಿ ನಾನು.
ಹುಳಿ ಬಿದ್ದರ ಪರಸಿ ಉರೀತದ,
ಹೊಳಪು ಹೋಗಿ ಬಾಯಿ ಬಿಡ್ತದ,
ಆಮ್ಯಾಲ ಏನು ಚೆಲ್ಲಿದರೂ ಕುಡದು ಕುಂದರ್ತದ.
ಸೋಡಾ ಪುಡಿ, ಬಿಸಿನೀರು, ಒಣ ಅರಿವಿ. ಅಷ್ಟೇ.

ದನದ ದವಾಖಾನಿಗೆ ಆಟೋದಾಗ ಒಯ್ದೆ.
ಆಟೋದಾಂವ ಸೀಟಿಗೆ ಗೊಬ್ಬರದ ಚೀಲ ಹಾಸಿಸಿದ.
ಎರಡು ಎಮ್ಮಿ, ಒಂದು ಕುಂಟ ಹೋತ, ಆಮ್ಯಾಲ ನಮ್ಮ ಪಾಳಿ.
ಡಾಕ್ಟ್ರು ನೀಲಗಂಗಾ ಹೊಟ್ಟಿ ಒತ್ತಿ ನೋಡಿದರು,
ಎಚ್ಚರ ಇದ್ದಾಗ ಹೋಗ್ತದೋ, ನಿದ್ದ್ಯಾಗೋ?
ನಿದ್ದ್ಯಾಗ್ರಿ.
ಉಚ್ಚಿ ಶೀಸೇದಾಗ ಹಿಡದು ತರ್ರಿ ಅಂದರು.
ಮರುದಿನ ಮುಂಜಾನೆ ಬ್ಯಾಳಿ ಸೌಟು ಹಿಡಕೊಂಡು
ನಾಯಿ ಹಿಂದ ಬಗ್ಗಿ ಬಗ್ಗಿ ನಡದ ನನ್ನ ನೋಡಿ
ಓಣಿ ಹುಡುಗರು ಸೈಕಲ್ ನಿಲ್ಲಿಸಿದರು.
ಆ ಸೌಟು ಈಗ ಆಕೀದೇ.

ಸೋಂಕಿಲ್ಲ. ಗರ್ಭಚೀಲ ತಗದ ನಾಯಿಗೆ
ವಯಸ್ಸಾದಂಗ ಬಿಗಿ ಸಡಿಲಾಗ್ತದ ಅಂದರು.
ದಿನಾ ಗುಳಿಗಿ. ನೀರು ಮಾತ್ರ ಕಡಿಮಿ ಮಾಡಬ್ಯಾಡ್ರಿ,
ನಮ್ಮ ಬಿಸಲಾಗ ಅದು ಪಾಪ.
ಮಲಗೋ ಮುಂದ ಒಮ್ಮಿ, ನಡುರಾತ್ರಿ ಒಮ್ಮಿ ಹೊರಗ ಒಯ್ಯಿರಿ.
ತೊಡಿಸಂದಿ ತೊಳದು ಒರಸಿ ಕೊಬ್ಬರಿ ಎಣ್ಣಿ ಹಚ್ಚರಿ.
ಆಮ್ಯಾಲ ಪೆನ್ನಿಗೆ ಟೊಪ್ಪಿಗಿ ಹಾಕುತ್ತ, ಸಣ್ಣ ಮಾತಿನಂಗ,
"ಬೈಬ್ಯಾಡ್ರಿ. ಆಕಿಗೆ ಗೊತ್ತಾಗೂದಿಲ್ಲ. ಆಕೀ ತಪ್ಪಲ್ಲ."

ಮುಂದಿನ ಪಾಳಿಯ ಆಕಳು ಒಳಗ ಬಂದರೂ
ಬೆಂಚಿನ ಮ್ಯಾಲ ನಾ ಕುಂತೇ ಇದ್ದೆ.
ಮೂವತ್ತೊಂದಕ್ಕ ನಂದೂ ತಗದಾರ.
ಕಲಬುರಗಿಯ ಒಂದು ಖಾಸಗಿ ದವಾಖಾನಿ,
ಹೊಟ್ಟಿನೋವು ಅಂದಿದ್ದೆ, ಅಷ್ಟೇ.
ಬಿಲ್ಲು ಕೊಟ್ಟರು. ಎರಡು ಬಾಳಿಹಣ್ಣು ಕೊಟ್ಟರು.
ಮುಂದ ಹಿಂಗಾಗ್ತದ ಅಂತ ಯಾರೂ ಹೇಳಲಿಲ್ಲ.
ಕೆಮ್ಮಿದರ, ನಕ್ಕರ, ಕೊಡ ಎತ್ತಿದರ...
ಮದುವಿ ಮನ್ಯಾಗ ಎಲ್ಲಾರೂ ಎದ್ದು ಹೋಗೂತನಕ
ಗ್ವಾಡಿಗೆ ಬೆನ್ನು ಕೊಟ್ಟು ಕುಂದರಾಕಿ ನಾನು.

ಹಾಸಿಗಿ ನಾನೇ ಮಾಡಿದೆ.
ತಳಕ ಫ್ಲೆಕ್ಸು, ಯಾರದೋ ಹುಟ್ಟುಹಬ್ಬದ್ದು,
ಕೈಮುಗದು ನಗೋ ಮಾರಿ ನೆಲದ ಕಡೆ ತಿರುವಿದೆ,
ಆತಗೂ ಮರ್ಯಾದಿ ಇರಲಿ.
ಮ್ಯಾಲ ಹಳೇ ಕೌದಿ ತುಂಡು,
ಅದರಾಗ ಅತ್ತೀ ಇಳಕಲ್ ಸೀರಿ, ಮಗಳ ಲಂಗ,
ನನ್ನ ಬಾಣಂತನದ ಹಳದಿ ಸೀರಿ,
ಎಲ್ಲಾ ಈಗ ಶೇಂಗಿ ಹೊಟ್ಟಿ ಕೆಳಗ ಬೆಚ್ಚಗ.
ಉಳದದ್ದರಾಗ ಅಳತಿ ಬ್ಯಾರೆ ಹಿಡದು ಮೂರು ತುಂಡು
ಜಾಸ್ತಿ ಹೊಲದೆ. ಅಂಚಿಗೆ ಗುಂಡಿ ಹಚ್ಚಿದೆ.

ರಾತ್ರಿ ಎರಡಕ್ಕ ಇಬ್ಬರೂ ಏಳ್ತೀವಿ.
ಕಲ್ಲಿನ ಪುಡಿ ಕುಂತು ಬೆಳ್ಳಗಾದ ಜಾಲಿ ಕಡೆ ಆಕಿ,
ಬಚ್ಚಲ ಕಡೆ ನಾ.
ಮೊದಲು ಬಂದಾಕಿ ಕಟ್ಟಿಮ್ಯಾಲ ಕಾಯಬೇಕು.
ಗುಳಿಗಿ ನಾಟ್ಯಾದ. ವಾರಕ್ಕ ಒಮ್ಮಿಯೋ ಎರಡೋ ಈಗ.
ಆಕೀದು ಹೇಳ್ತಿದ್ದೀನಿ.

ನನ್ನ ಅರಿವಿ ಇಷ್ಟು ವರ್ಷ ಪರಕಾರದ ಕೆಳಗ
ನೆರಳಾಗ ಒಣಗತಿದ್ದವು, ಅರ್ಧಾಮರ್ಧ.
ಆಕೀವು ಅಂಗಳದ ತಂತಿ ಮ್ಯಾಲ, ಹಪ್ಪಳದಂಗ.
ಮೊನ್ನೆ ಎಲ್ಲಾನೂ ಒಂದೇ ಸಾಲಿಗೆ ಹಾಕಿದೆ.

ನೀರಿಗೆ ಹೊಂಟ ಖಾಜಾಬಿ ನಿಂತಳು.
"ಎಷ್ಟು ಅರಿವಿ ಬೇಕವ್ವ ನಿಮ್ಮ ನಾಯಿಗೆ?"
"ವಯಸ್ಸಾಗ್ಯಾದಲ್ಲ" ಅಂದೆ.
ಹೋಗಲಿಲ್ಲ ಆಕಿ. ಕೊಡ ಕೆಳಗಿಟ್ಟು,
ಗುಂಡಿ ಇದ್ದದ್ದೊಂದರ ಅಂಚು ಬೆರಳಾಗ ಹಿಡದು ಹೊಸಕಿ,
ಓಣಿ ಆಕಡೆ ಈಕಡೆ ನೋಡಿ, ದನಿ ಇಳಿಸಿ ಕೇಳಿದಳು:
"ಎಷ್ಟು ಪದರ ಹಾಕಿದಿ?"